ವಿಮಾನದ ಬಯಲಿನ ಕಾಫಿ

ಡಬಲ್ ರೊಟ್ಟಿಯ ಅಂಚುಗಳನ್ನು ಕೊಯ್ದು ಬದಿಗೆ ಸರಿಸುತ್ತಿದ್ದ ಅಯ್ಯಪ್ಪನಿಗೆ ಬಾಗಿಲಲ್ಲಿ ಯಾರೋ ಬಂದು ನಿಂತದ್ದು ತಿಳಿಯಿತು. ಸರ್ಕಾರಿ ಬಂಗಲೆಯ ಅಡಿಗೆಮನೆಯ ಬೆಳಕು ಅಷ್ಟು ಕಡಿಮೆಯಾಯಿತು. ತಲೆ ಎತ್ತಬೇಕೆಂದು ಅನ್ನಿಸಲಿಲ್ಲ. ಚಾಕು ಹಲಗೆಯ ಮೇಲೆ ತನ್ನಷ್ಟಕ್ಕೆ ತಾನೇ ಏಳುತ್ತಿತ್ತು, ಇಳಿಯುತ್ತಿತ್ತು.

"ಮಾಂವ, ಹೊತ್ತಾತು. ಎಲ್ಲಾರೂ ಹೊಂಟು ನಿಂತಾರ" ಎಂದ ತಾಯಣ್ಣ.

ತಾಯಣ್ಣ ಅಯ್ಯಪ್ಪನ ಹೆಂಡತಿ ದುರುಗಮ್ಮನ ತಮ್ಮ. ಅಕ್ಕ ತೀರಿಹೋದಳೆಂದು ಕೇಳಿ ತನ್ನ ಹಳ್ಳಿ ಗೂಗಲ್‌ನಿಂದ ದೇವದುರ್ಗಕ್ಕೆ ಬಂದು, ಅಲ್ಲಿ ಸಿಕ್ಕ ಲಾರಿ ಹತ್ತಿ ರಾಯಚೂರಿಗೆ ಬಂದವನು, ಮಣ್ಣಾದ ಮೇಲೂ ಊರಿಗೆ ಹೋಗದೆ ಉಳಿದಿದ್ದ. ಇವತ್ತು ಮೂರನೇ ದಿನ. ದುರುಗಮ್ಮನ ಮಣ್ಣಿಗೆ ಹೋಗಿ ಹಾಲು-ತುಪ್ಪ ಬಿಟ್ಟು ಬರಬೇಕು. ಅದಾಗುವ ತನಕ ಮನೆಯವರು ಬಾಯಿಗೆ ಏನೂ ಹಾಕುವಂತಿರಲಿಲ್ಲ.

"ನೀವು ನಡೀರಿ. ಇಮಾನ ಬಂದು ಹೋಗ್ಲಿ, ಬರ್ತೀನಿ."

"ಇಮಾನ!" ತಾಯಣ್ಣ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಮತ್ತೆ ಹೆಗಲಿಗೇ ಹಾಕಿಕೊಂಡ. "ಅಕಿ ನಿನ್ನ ಹೇಣ್ತಿ ಇದ್ಲು ಮಾಂವ. ಮಂತ್ರಿಗೆ ರೊಟ್ಟಿ ಕೊಯ್ದು ಕೊಡಾಕ ಇಷ್ಟು ದೊಡ್ಡ ಊರಾಗ ಬ್ಯಾರೆ ಯಾರೂ ಇದ್ದಿಲ್ಲೇನು?"

ಇದ್ದರು. ಅದು ಅಯ್ಯಪ್ಪನಿಗೂ ಗೊತ್ತಿತ್ತು. ಹಿಂದಿನ ದಿನ ಸಂಜೆ ತಹಸೀಲ್ ಕಚೇರಿಯ ಶಿರಸ್ತೇದಾರರು ತಾವೇ ಸೈಕಲ್ ರಿಕ್ಷಾ ಮಾಡಿಕೊಂಡು ಓಣಿಗೆ ಬಂದಿದ್ದರು. ಒಳಗೆ ಬರದೆ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತು, "ಅಯ್ಯಪ್ಪ, ಕೇಳಬಾರದ ಹೊತ್ತಿನಾಗ ಕೇಳಾಕತ್ತೀನಿ. ನಾಳಿ ಮಂತ್ರಿಗಳು ಯರಮರಸಿನಾಗ ಇಳೀತಾರ. ಇಳಿದವರು ಹಂಗೇ ಮಾನ್ವಿಗೆ ಹೋಗ್ತಾರ. ಬಂಗಲೆಗೆ ಬರಂಗಿಲ್ಲ, ಅಲ್ಲೇ ಎರಡು ಸ್ಯಾಂಡ್‌ವಿಚ್, ಒಂದು ಕಾಫಿ ಸಾಕು ಅಂದಾರ. ನೀ ಆಗಂಗಿಲ್ಲ ಅಂದ್ರ ಸ್ಟೇಷನ್ ಹಂತೇಲಿನ ಹೋಟೆಲಿಗೆ ಹೇಳಿಬಿಡ್ತೀನಿ" ಎಂದಿದ್ದರು. ಸೂತಕದ ಮನೆಯವನ ಕೈಯಿಂದ ಮಾಡಿಸಬಹುದೋ ಇಲ್ಲವೋ ಎಂಬುದನ್ನು ಅವರೂ ಯೋಚಿಸಿರಬೇಕು. 

"ಬರ್ತೀನ್ರಿ" ಎಂದುಬಿಟ್ಟಿದ್ದ ಅಯ್ಯಪ್ಪ.

ಒಳಗೆ ಕೂತಿದ್ದ ಹೆಂಗಸರು ಅಳುವುದನ್ನು ನಿಲ್ಲಿಸಿ ಅವನ ಮುಖ ನೋಡಿದ್ದರು. ಸೋದರತ್ತೆ ಬೂದೆಮ್ಮ, "ಇವನಿಗೇನು ತಲಿ ಕೆಟ್ಟದೇನು" ಎಂದು ಗೋಡೆಗೆ ಹೇಳಿದ್ದಳು.  ಮಗಳು ಸೂಗಮ್ಮ ಮಾತ್ರ ಎದ್ದು ಹೋಗಿ, ಗಳದ ಮೇಲಿದ್ದ ಅವನ ಬಿಳಿ ಕೋಟನ್ನು ತೆಗೆದು ಇಸ್ತ್ರಿಯವನಿಗೆ ಕೊಟ್ಟು ಬಂದಿದ್ದಳು.

ಈಗ ತಾಯಣ್ಣ ಉತ್ತರಕ್ಕೆ ಕಾದು ನಿಂತಿದ್ದ. ಅಯ್ಯಪ್ಪ ರೊಟ್ಟಿಯ ತುಂಡುಗಳಿಗೆ ಬೆಣ್ಣೆ ಸವರತೊಡಗಿದ. ಅದರ ಮೇಲೆ ಕೊತ್ತಂಬರಿಯ ಹಸಿರು ಚಟ್ನಿ, ಮೇಲೆ ತೆಳ್ಳಗೆ ಹೆಚ್ಚಿದ ಸೌತೆಕಾಯಿ, ಟೊಮೆಟೊ. ಮೇಲೊಂದು ತುಂಡು ಮುಚ್ಚಿ ಮೂಲೆಯಿಂದ ಮೂಲೆಗೆ ಕೊಯ್ದ. ನಿಜಾಮನ ಕಾಲದ ಸಾಹೇಬರಿಗೆ ಬಡಿಸಿ ಬಡಿಸಿ ಬೆನ್ನು ಬಾಗಿದ್ದ ಪೀರಾ ಸಾಬ್ ಈ ಬಂಗಲೆಯಲ್ಲೇ ಅವನಿಗೆ ಇದನ್ನು ಕಲಿಸಿದ್ದು. ಆ ಮುದುಕ ಸತ್ತು ವರ್ಷಗಳಾಗಿದ್ದವು.

"ಆತು. ನೀ ಬರೂತನಕ ನಾವೇನು ಕಾಯಂಗಿಲ್ಲ" ಎಂದು ತಾಯಣ್ಣ ಹೊರಟುಹೋದ. ಬಾಗಿಲಲ್ಲಿ ಮತ್ತೆ ಬೆಳಕು ಬಂತು.

ಯಾಕೆ ಬಂದೆ ಎಂದು ಅಯ್ಯಪ್ಪ ತನ್ನನ್ನು ತಾನೇ ಕೇಳಿಕೊಳ್ಳಲು ನೋಡಿದ.  ಮನೆಯಲ್ಲಿ ಕೈಗೆ ಕೆಲಸವಿರಲಿಲ್ಲ, ಅಷ್ಟು ಮಾತ್ರ ನಿಜ. ಮೊನ್ನೆ ಮಧ್ಯಾಹ್ನ ಬಂಗಲೆಯಲ್ಲಿ ಯಾರೋ ನೀರಾವರಿ ಇಂಜಿನಿಯರರಿಗೆ ಊಟ ಬಡಿಸುತ್ತಿದ್ದಾಗ ಓಣಿಯ ಮಂದಿ ಓಡಿಬಂದು ಕರೆದಿದ್ದರು. ಜೋಳ ಹಸನು ಮಾಡುತ್ತ ಕೂತಿದ್ದ ದುರುಗಮ್ಮ ಎದೆ ಹಿಡಿದುಕೊಂಡು ಹಾಗೆಯೇ ಪಕ್ಕಕ್ಕೆ ವಾಲಿದ್ದಳಂತೆ. ಅವನು ಹೋಗಿ ನೋಡುವಾಗ ಅವಳನ್ನು ಚಾಪೆಯ ಮೇಲೆ ಮಲಗಿಸಿ ಗದ್ದ ಕಟ್ಟಿದ್ದರು. ಮೊರ ಇನ್ನೂ ಅಲ್ಲೇ ಇತ್ತು, ಒಂದು ಕಡೆ ಹಸನಾದ ಜೋಳ, ಇನ್ನೊಂದು ಕಡೆ ಕಲ್ಲು ಕಸ. ಎಲ್ಲರೂ ಅತ್ತರು. ಅವನೂ ಅಳುತ್ತಾನೆಂದು ಕಾದರು. ಅವನಿಗೆ ಅಳು ಬರಲಿಲ್ಲ. 

ಸ್ಯಾಂಡ್‌ವಿಚ್ಚುಗಳ ಮೇಲೆ ಒದ್ದೆ ಮಲ್ಲಿನ ಬಟ್ಟೆ ಹೊದಿಸಿ, ಕಾಫಿಯನ್ನು ಎರಡು ಫ್ಲಾಸ್ಕಿಗೆ ತುಂಬಿ, ಬಂಗಲೆಯ ಗುರುತಿದ್ದ ಕಪ್-ಬಸಿಗಳನ್ನು ಬುಟ್ಟಿಗಿಟ್ಟುಕೊಂಡು ಅವನು ಹೊರಗೆ ಬಂದ. ಹಿತ್ತಾಳೆಯ ಬಿಲ್ಲೆಯಿದ್ದ ಕೆಂಪು ಪಟ್ಟಿಯನ್ನು ಕೋಟಿನ ಮೇಲೆ ಸೊಂಟಕ್ಕೆ ಬಿಗಿದುಕೊಂಡ. ಜೀಪಿನ ಡ್ರೈವರ್ ಸತ್ತಾರ್ ಸಾಬ್ ಬುಟ್ಟಿಯನ್ನು ಇಸಿದುಕೊಂಡು ಹಿಂದಿನ ಸೀಟಿನಲ್ಲಿಟ್ಟ. ದಾರಿಯಲ್ಲಿ ಎಂದಿನಂತೆ ಹಾಡು ಗುನುಗಲಿಲ್ಲ.

ಯರಮರಸಿನ ಬಯಲು ಊರಿನಿಂದ ಹೈದರಾಬಾದಿನ ರಸ್ತೆಯಲ್ಲಿ ಸ್ವಲ್ಪ ದೂರ. ಶಕ್ತಿನಗರದ ಕರೆಂಟಿನ ಚಿಮಣಿಗಳು ಆಗಿನ್ನೂ ಎದ್ದಿರಲಿಲ್ಲ, ಸುತ್ತ ನೋಡಿದರೆ ಕಲ್ಲುಗುಡ್ಡಗಳು, ಬೆಳೆ ಕೊಯ್ದ ಹೊಲಗಳು, ಬಿಸಿಲು. ವಿಮಾನ ನಿಲ್ದಾಣವೆಂದು ಸರ್ಕಾರಿ ಕಾಗದದಲ್ಲಿ ಬರೆಯುತ್ತಿದ್ದರೂ ಅಲ್ಲಿದ್ದದ್ದು ಉದ್ದಕ್ಕೆ ಬಿದ್ದಿದ್ದ ಒಂದು ಡಾಂಬರು ಪಟ್ಟಿ, ಬಿರುಕುಗಳಲ್ಲಿ ಹುಲ್ಲು, ಒಂದು ಮುರುಕು ಕೋಣೆ. ದೊಡ್ಡ ಯುದ್ಧದ ಕಾಲದಲ್ಲಿ ಅದನ್ನು ಹಾಕುವಾಗ ಅಯ್ಯಪ್ಪನ ಅಪ್ಪ ಅಲ್ಲಿ ಜಲ್ಲಿ ಹೊತ್ತಿದ್ದ. ವರ್ಷಕ್ಕೊಮ್ಮೆಯೋ ಎರಡು ಸಲವೋ ಯಾರಾದರೂ ದೊಡ್ಡವರು ಬಂದಾಗ ದನ ಓಡಿಸಿ, ಶಾಮಿಯಾನ ಕಟ್ಟುತ್ತಿದ್ದರು.

ವಿಮಾನ ತಡವಾಯಿತು. ಹೂಮಾಲೆಗಳ ಮೇಲೆ ಪೊಲೀಸರು ನೀರು ಚಿಮುಕಿಸಿದರು. ಶಿರಸ್ತೇದಾರರು ಎರಡು ಸಲ ಬಂದು, "ಎಲ್ಲಾ ತಯಾರಿ ಅದ ಹೌದಿಲ್ಲೋ?" ಎಂದು ಕೇಳಿ, ಉತ್ತರ ಕೇಳುವ ಮೊದಲೇ ಹೋದರು. ಅಯ್ಯಪ್ಪ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲಿಟ್ಟು ನಿಂತ. ಇಷ್ಟು ಹೊತ್ತಿಗೆ ಅವರು ಮಣ್ಣಿಗೆ ಮುಟ್ಟಿರಬೇಕು ಎಂದುಕೊಂಡ. ಆ ಯೋಚನೆ ಬಂದಷ್ಟೇ ಸುಲಭವಾಗಿ ಹೋಯಿತು.

ಕೊನೆಗೆ ತೆಂಕಣ ಮುಗಿಲಿನಿಂದ ಗುಂಯ್ಯೆನ್ನುತ್ತ ಸಣ್ಣ ವಿಮಾನವೊಂದು ಬಂದು, ಧೂಳೆಬ್ಬಿಸಿಕೊಂಡು ಇಳಿದು, ತಿರುಗಿ ನಿಂತಿತು. ಮಾಲೆಗಳು, ನಮಸ್ಕಾರಗಳು, ತಳ್ಳಾಟ. ಮಂತ್ರಿಗಳು ದಪ್ಪನೆಯ, ದಣಿದ ಮನುಷ್ಯ. ಶಾಮಿಯಾನದೊಳಗೆ ಬಂದವರು ಕುರ್ಚಿಯಲ್ಲಿ ಕೂಡಲೂ ಇಲ್ಲ. ಯಾರೋ ಕಿವಿಯಲ್ಲಿ ಮಾನ್ವಿಯ ಕಾರ್ಯಕ್ರಮದ ಬಗ್ಗೆ ಹೇಳುತ್ತಿದ್ದಂತೆ ಅಯ್ಯಪ್ಪ ಹಿಡಿದ ತಟ್ಟೆಯಿಂದ ಒಂದು ಸ್ಯಾಂಡ್‌ವಿಚ್ ಎತ್ತಿ ಬಾಯಿಗಿಟ್ಟರು, ಅದನ್ನು ನುಂಗುವುದರೊಳಗೆ ಇನ್ನೊಂದನ್ನು ತೆಗೆದುಕೊಂಡರು. ಕಾಫಿಯನ್ನು ಅರ್ಧ ಕುಡಿದು ಕಪ್ಪನ್ನು ಗಾಳಿಯಲ್ಲಿ ಚಾಚಿದರು. ಅಯ್ಯಪ್ಪ ಹಿಡಿದುಕೊಂಡ. "ಚೆನ್ನಾಗಿದೆ" ಎಂದರು, ಯಾರಿಗೂ ಅಲ್ಲದಂತೆ. ಅಷ್ಟರಲ್ಲಿ ಕಾರಿನ ಬಾಗಿಲು ತೆರೆದಿತ್ತು.

ಮಂತ್ರಿಗಳು ಕಾರಿನ ಬಳಿ ಅರ್ಜಿಗಳನ್ನು ಇಸಿದುಕೊಳ್ಳುವ ಹೊತ್ತಿನಲ್ಲಿ ಉಳಿದವರು ತಟ್ಟೆಗೆ ಕೈ ಹಾಕಿದರು. "ಫಸ್ಟ್ ಕ್ಲಾಸ್ ಅದ ಅಯ್ಯಪ್ಪ" ಎಂದರು ಒಬ್ಬರು. "ಅಯ್ಯಪ್ಪನ ಕೈ ಅಂದ್ರ ಅಯ್ಯಪ್ಪನ ಕೈ ನೋಡ್ರಿ" ಎಂದರು ಇನ್ನೊಬ್ಬರು. ಶಿರಸ್ತೇದಾರರು ಬಾಯಿ ಒರೆಸಿಕೊಳ್ಳುತ್ತ, "ಮೂರು ಹೊಡಿಯೂದರಾಗ ಹೊಳ್ಳಿ ಬರ್ತಾರ. ಇಮಾನ ಹತ್ತೂ ಮುಂದ ಇನ್ನೊಂದು ಕಾಫಿ ಕೊಡು. ಇಲ್ಲೇ ಇರು ಮತ್ತ" ಎಂದು ಹೇಳಿ ಕಡೆಯ ಕಾರಿನಲ್ಲಿ ನುಸುಳಿಕೊಂಡರು. ಸಾಲುಗಟ್ಟಿದ ಕಾರುಗಳು ಮಾನ್ವಿಯ ಕಡೆಗೆ ಹೋದವು. ಬಯಲಿನಲ್ಲಿ ಇಬ್ಬರು ಪೊಲೀಸರು, ಜೀಪಿನ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತ ಸತ್ತಾರ್ ಸಾಬ್, ವಿಮಾನ, ಅದರ ಪೈಲಟ್ ಉಳಿದರು.

ಪೈಲಟ್ ನಡುವಯಸ್ಸಿನವನು, ಕಪ್ಪು ಕನ್ನಡಕ ಹಾಕಿದ್ದ. ವಿಮಾನದ ಸುತ್ತ ಒಂದು ಸುತ್ತು ಬಂದು, ಟೈರಿಗೆ ಕಾಲಿನಿಂದ ಒದ್ದು ನೋಡಿ, ಶಾಮಿಯಾನದೊಳಗೆ ಬಂದ.

"ಕಾಫಿ ಇನ್ನೂ ಇದೆಯಾ?"

ಅವನದು ಬೆಂಗಳೂರಿನ ಕಡೆಯ ಕನ್ನಡ. ಅಯ್ಯಪ್ಪ ಕಪ್ಪು ತುಂಬಿಸಿ ಕೊಟ್ಟು, ತಟ್ಟೆಯಲ್ಲಿ ಉಳಿದಿದ್ದ ಸ್ಯಾಂಡ್‌ವಿಚ್ಚುಗಳನ್ನು ಮುಂದಿಟ್ಟ. ಪೈಲಟ್ ಕುರ್ಚಿ ಎಳೆದುಕೊಂಡು ಕೂತ. ಒಂದನ್ನು ತಿಂದ. ಸ್ವಲ್ಪ ಹೊತ್ತು ಬಯಲು ನೋಡಿದ.

"ನಾವು ಇಳಿದಾಗಿನಿಂದ ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ."

"ಇರ್ಲಿ ಬಿಡ್ರಿ."

"ಯಾರೂ ಇಲ್ಲ ಇಲ್ಲಿ. ಕೂತ್ಕೊಳ್ಳಿ. ತಿಂದಿದ್ದೀರಾ ಏನಾದ್ರೂ?"

ಅಯ್ಯಪ್ಪ ಇಲ್ಲವೆಂದು ತಲೆಯಾಡಿಸಿದ. ಪೈಲಟ್ ತಟ್ಟೆಯನ್ನು ಅವನ ಕಡೆಗೆ ಸರಿಸಿ, ತಾನೇ ಫ್ಲಾಸ್ಕಿನಿಂದ ಒಂದು ಕಪ್ಪಿಗೆ ಕಾಫಿ ಬಗ್ಗಿಸಿದ. ಇಷ್ಟು ವರ್ಷಗಳಲ್ಲಿ ಅಯ್ಯಪ್ಪ ಬಂಗಲೆಯ ಕಪ್ಪಿನಲ್ಲಿ ಕುಡಿದವನಲ್ಲ, ಬಡಿಸಿದವರ ಎದುರಿಗೆ ಕೂತವನೂ ಅಲ್ಲ. ಈಗ ಬೇಡವೆನ್ನುವುದಕ್ಕೂ ತ್ರಾಣ ಬೇಕಿತ್ತು. ಅವನು ಮಡಚುವ ಕುರ್ಚಿಯ ತುದಿಯಲ್ಲಿ ಕೂತು ಒಂದೆರಡು ಗುಟುಕು ಕಾಫಿ ಕುಡಿದ. ರೊಟ್ಟಿಯ ತುಂಡನ್ನು ಬಾಯಿಗಿಟ್ಟು ಕಚ್ಚಿದ. ಅಗಿದ. ಬೆಣ್ಣೆ ನಾಲಿಗೆಗೆ ಅಂಟಿತು, ಹಸಿಮೆಣಸಿನಕಾಯಿ ಚುರುಗುಟ್ಟಿತು, ಸೌತೆಕಾಯಿ ಕರುಂ ಎಂದಿತು. ಆದರೂ ಬಾಯಲ್ಲಿ ಏನೋ ಇಲ್ಲ. ಇನ್ನೊಂದು ಸಲ ಕಚ್ಚಿದ.

"ಉಪ್ಪಿಲ್ಲ" ಎಂದ.

ಪೈಲಟ್ ಹೌದೆಂದು ತಲೆಯಾಡಿಸಿದ.

"ಚಟ್ನಿಗೆ ಉಪ್ಪೇ ಹಾಕಿಲ್ರಿ ನಾನು. ಯಾವುದಕ್ಕೂ ಹಾಕಿಲ್ಲ."

"ಮಂತ್ರಿಗಳಿಗೆ ಬಿ.ಪಿ. ಇದೆ, ಅದಕ್ಕೇ ನೀವು ಹಾಗೆ ಮಾಡಿದ್ದೀರಿ ಅಂದ್ಕೊಂಡೆ."

"ಎಲ್ಲಾರೂ ಫಸ್ಟ್ ಕ್ಲಾಸ್ ಅಂದ್ರಲ್ರೀ."

"ಅಂದ್ರು" ಎಂದ ಪೈಲಟ್. ನಗಬೇಕೆಂದು ತುಟಿ ಸರಿದದ್ದು ಅಯ್ಯಪ್ಪನ ಮುಖ ನೋಡಿ ನಿಂತಿತು.

ಅಯ್ಯಪ್ಪ ಕೈಯಲ್ಲಿದ್ದ ತುಂಡನ್ನು ನೋಡಿದ. ಒಲೆಯ ಮುಂದೆ ನಿಂತಾಗಿನಿಂದ ಏನೇನು ಮಾಡಿದೆ ಎಂದು ನೆನೆಸಿಕೊಳ್ಳಲು ಹೋದ. ಚಟ್ನಿ ಅರೆದದ್ದು ನೆನಪಿರಲಿಲ್ಲ. ಹಾಲು ಕಾಯಿಸಿದ್ದು ನೆನಪಿರಲಿಲ್ಲ. ನೆನಪಿದ್ದದ್ದು ಚಾಕು ಏಳುತ್ತಿದ್ದದ್ದು, ಇಳಿಯುತ್ತಿದ್ದದ್ದು.

"ನನ್ನ ಹೇಣ್ತಿ ಸತ್ತಾಳ್ರಿ" ಎಂದ. ಬಾಯಲ್ಲಿ ಇನ್ನೂ ತುತ್ತಿತ್ತು.

ಆ ಮಾತನ್ನು ಅವನು ಇದುವರೆಗೆ ಹೇಳಿರಲಿಲ್ಲ. ಬೇರೆಯವರು ಅವನಿಗೆ ಹೇಳಿದ್ದರು, ಅವನ ಎದುರಿಗೆ ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು. ತನ್ನ ದನಿಯಲ್ಲಿ ಕೇಳಿದಾಗ ಅದು ಬೇರೆ ಯಾರದೋ ಸುದ್ದಿಯ ಹಾಗಿತ್ತು.

ಪೈಲಟ್ ಕನ್ನಡಕ ತೆಗೆದ. "ಯಾವಾಗ?"

"ಮೊನ್ನಿ. ಇವತ್ತು ಹಾಲು-ತುಪ್ಪ ಅದ. ಎಲ್ಲಾರೂ ಅಲ್ಲಿಗೆ ಹೋಗ್ಯಾರ."

"ಮತ್ತೆ ನೀವು ಇಲ್ಲಿ ಯಾಕಿದ್ದೀರಿ?"

ಮುಂಜಾನೆ ತಾಯಣ್ಣ ಕೇಳಿದ್ದೂ ಇದನ್ನೇ. ಆಗ ಅದರಲ್ಲಿ ಸಿಟ್ಟಿತ್ತು. ಈ ಮನುಷ್ಯ ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದ.

"ಗೊತ್ತಿಲ್ರಿ" ಎಂದ ಅಯ್ಯಪ್ಪ. "ನಂಗ ಖರೇನ ಗೊತ್ತಿಲ್ಲ."

ಶಾಮಿಯಾನದ ಬಟ್ಟೆ ಗಾಳಿಗೆ ಪಟಪಟ ಹೊಡೆದುಕೊಂಡಿತು.  ಪೈಲಟ್ ಕೈ ಚಾಚಿ, ಇನ್ನೂ ಮುಚ್ಚಳ ತೆಗೆಯದಿದ್ದ ಫ್ಲಾಸ್ಕನ್ನು ತನ್ನ ಮಗ್ಗುಲಿಗೆ ಇಟ್ಟುಕೊಂಡ.

"ಹೋಗಿ ನೀವು. ಅವರು ಬಂದರೆ ಕಾಫಿ ನಾನು ಬಗ್ಗಿಸಿ ಕೊಡ್ತೀನಿ."

"ಸಾಹೇಬ್ರು ಕೇಳ್ತಾರ್ರಿ."

"ಕೇಳಲಿ. ನಾನೇ ಕಳಿಸಿದೆ ಅಂತೀನಿ. ಏಳಿ."

ಅಯ್ಯಪ್ಪ ಎದ್ದ. ಅಭ್ಯಾಸದಿಂದ ಕೈ ಎಂಜಲು ಕಪ್ಪುಗಳ ಕಡೆ ಹೋಯಿತು. ಒಂದನ್ನು ಒರೆಸಿದ, ಎರಡನೆಯದನ್ನು ಒರೆಸುತ್ತಿದ್ದವನು ಅದನ್ನು ಅಲ್ಲೇ ಬಿಟ್ಟು ಜೀಪಿನ ಕಡೆಗೆ ನಡೆದ. ಕೆಲಸ ಮುಗಿಯುವ ಮುಂಚೆ ಬಿಟ್ಟು ಹೋಗುತ್ತಿರುವುದು ಅವನಿಗೆ ನಾಕಾರು ಹೆಜ್ಜೆ ಹೋದ ಮೇಲೆ ಹೊಳೆಯಿತು. ಹೊಳೆದರೂ ಕಾಲು ನಿಲ್ಲಲಿಲ್ಲ.

"ಬಂಗಲೆಗೇನು?" ಸತ್ತಾರ್ ಸಾಬ್ ಎದ್ದು ನಿಂತು ಕೇಳಿದ.

"ಇಲ್ಲ ಸತ್ತಾರ್ ಭಾಯಿ. ಮಣ್ಣಿಗೆ."

"ಹತ್ತು. ಮುಂಜಾನಿಂದ ಕಾಯಾಕತ್ತೀನಿ, ನೀ ಯಾವಾಗ ಅಂತೀಯೋ ಅಂತ."

ಜೀಪು ಡಾಂಬರು ಪಟ್ಟಿಯನ್ನು ದಾಟಿ ರಸ್ತೆಗೆ ಬಿತ್ತು. ಊರು ಹತ್ತಿರವಾದಾಗ ಅಯ್ಯಪ್ಪನ ನಾಲಿಗೆ ಹಲ್ಲಿನ ಸಂದಿಯಲ್ಲಿ ಕೊತ್ತಂಬರಿಯ ಚೂರೊಂದನ್ನು ಮುಟ್ಟಿತು. ಆಗ ನೆನಪಾಯಿತು. ಹಾಲು-ತುಪ್ಪವಾಗುವ ಮೊದಲು ಅವನು ತಿಂದಿದ್ದ. ಅದೂ ಮಂತ್ರಿ ತಿಂದುಳಿದದ್ದನ್ನು, ಕುರ್ಚಿಯಲ್ಲಿ ಕೂತು, ಕಾಫಿ ಕುಡಿದು. ನೀರು ಕೇಳಿ ಬಾಯಿ ಮುಕ್ಕಳಿಸೋಣವೆನ್ನಿಸಿತು. ಮುಕ್ಕಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಜೀಪು ನಿಲ್ಲಿಸು ಎಂದು ಹೇಳಲು ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ.

ಊರ ಹೊರಗಿನ ಮಣ್ಣಿನ ಜಾಗದಲ್ಲಿ ಯಾರೂ ಇರಲಾರರು, ಎಲ್ಲ ಮುಗಿಸಿ ಹೋಗಿರುತ್ತಾರೆ ಎಂದೇ ಅವನು ಎಣಿಸಿದ್ದ. ಆದರೆ ಬೇವಿನ ಗಿಡದ ಕೆಳಗೆ ಮಂದಿ ಕೂತಿದ್ದರು. ಬೂದೆಮ್ಮ ಗಿಡದ ಬೊಡ್ಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಓಣಿಯ ಹಿರಿಯರು ನೆರಳು ಸರಿದಂತೆ ಸರಿದು ಕೂತು ಸುಸ್ತಾಗಿದ್ದರು. ತಾಯಣ್ಣ ಒಬ್ಬನೇ ಬಿಸಿಲಲ್ಲಿ, ಹೊಸ ಮಣ್ಣಿನ ದಿಬ್ಬದ ಹತ್ತಿರ ನಿಂತಿದ್ದ. ಪಕ್ಕದಲ್ಲಿ ತಂಬಿಗೆ, ತುಪ್ಪದ ಬಟ್ಟಲು, ಎಲೆಯ ಮೇಲೆ ಅನ್ನ.

ಸತ್ತಾರ್ ಸಾಬ್ ರಸ್ತೆಯ ಮೇಲೆಯೇ ನಿಂತ. ಬೇಗ ಮುಗಿದರೆ ಮೂರರೊಳಗೆ ವಾಪಸು ಮುಟ್ಟಿಸಬಹುದೆಂದು ಎಂಜಿನ್ ಬಂದ್ ಮಾಡಿರಲಿಲ್ಲ.

"ನಿನ್ನ ಮಗಳು ಬಿಡಲಿಲ್ಲಪ್ಪಾ" ಎಂದಳು ಬೂದೆಮ್ಮ, ಕಣ್ಣು ತೆರೆದು. "ನಾ ಎಷ್ಟು ಹೇಳಿದ್ರೂ ಕೇಳಲಿಲ್ಲ. ಯಪ್ಪಾ ಬರ್ಲಿ, ಯಪ್ಪಾ ಬರ್ಲಿ, ಇದೊಂದೇ ಹಟ."

ಸೂಗಮ್ಮ ಎದ್ದು ಬಂದಳು. ಹಸಿವೆಗೋ ಬಿಸಿಲಿಗೋ ಅವಳ ತುಟಿಗಳು ಒಣಗಿದ್ದವು.  ಎದುರಿಗೆ ನಿಂತು ಅವನ ಸೊಂಟದ ಕೆಂಪು ಪಟ್ಟಿಯ ಕೊಂಡಿ ಬಿಚ್ಚಿದಳು, ಆಮೇಲೆ ಕೋಟಿನ ಗುಂಡಿಗಳನ್ನು. ಅವನು ಎರಡೂ ಕೈ ಸಡಿಲ ಬಿಟ್ಟು ನಿಂತಿದ್ದ. ಕೋಟನ್ನು ಮಡಿಚಿ ಅವಳು ಬೂದೆಮ್ಮನ ಮಡಿಲಲ್ಲಿ ಇಟ್ಟಳು.

ತಾಯಣ್ಣ ತಂಬಿಗೆಯನ್ನು ಎತ್ತಿ ಅವನ ಕಡೆಗೆ ಚಾಚಿದ. ಮುಖ ಬೇರೆ ಕಡೆಗಿತ್ತು.

"ಹಿಡಿ."

ಅಯ್ಯಪ್ಪ ಹಿಡಿಯಲಿಲ್ಲ. "ನಾ ತಿಂದೀನಿ ತಾಯಣ್ಣ" ಎಂದ.

"ಏನು?"

"ಅಲ್ಲಿ ತಿಂದೆ. ಕಾಫಿನೂ ಕುಡಿದೆ. ನೆನಪಾಗಲಿಲ್ಲ ನಂಗ."

 ಗಿಡದ ಕೆಳಗೆ ಯಾರೋ ಒಬ್ಬರು ಕೆಮ್ಮಿದರು. ತಾಯಣ್ಣ ಈಗ ನೇರವಾಗಿ ಅವನ ಮುಖ ನೋಡಿದ. ಮುಂಜಾನೆಯಿಂದ ನುಂಗಿಕೊಂಡಿದ್ದ ಬೈಗುಳವೆಲ್ಲ ಈಗ ಬರುವುದರಲ್ಲಿತ್ತು. ಅಯ್ಯಪ್ಪ ಅದಕ್ಕಾಗಿ ಕಾದ. ಬಯ್ದರೂ ಆದೀತು, ಹೊಡೆದರೂ ಆದೀತು ಅನ್ನಿಸಿತು.

ತಾಯಣ್ಣ ಟವೆಲ್ಲಿನ ತುದಿಯಿಂದ ಮೂಗು ಒರೆಸಿಕೊಂಡ.

"ಚಲೋ ಆತು ಬಿಡು" ಎಂದ. ದನಿ ಒರಟಾಗಿತ್ತು. "ಹಸಗೊಂಡು ಬಂದಿದ್ರ ಅಕಿ ಸುಮ್ನಿರ್ತಿದ್ದಿಲ್ಲ. ನಿನಗೇನಂತಿದ್ದಿಲ್ಲ, ನಂಗೇ ಬೈತಿದ್ಲು. ನಿಮ್ಮ ಮಾಂವಗ ಉಣಿಸಲಾರ್ದ ಕರಕೊಂಡು ಬಂದಿಯೇನಲೇ ಅಂತಿದ್ಲು. ಹಿಡಿ."

ಅಯ್ಯಪ್ಪ ತಂಬಿಗೆ ಹಿಡಿದುಕೊಂಡ. ಬಿಸಿಲಿಗೆ ಅದು ಬೆಚ್ಚಗಾಗಿತ್ತು. ದಿಬ್ಬದ ತಲೆಯ ಕಡೆ ಮಂಡಿಯೂರಿ ಕೂತು ಹಾಲು ಬಿಟ್ಟ. ಮಣ್ಣು ಒಣಗಿ ಬಾಯಿ ಬಿಟ್ಟಿತ್ತು, ಹಾಲು ಹರಿಯಲಿಲ್ಲ, ಬಿದ್ದಲ್ಲೇ ಇಂಗಿ ಹೋಯಿತು. ಸೂಗಮ್ಮ ಪಕ್ಕದಲ್ಲಿ ಕೂತು ತುಪ್ಪದ ಬಟ್ಟಲನ್ನು ಕೊಟ್ಟಳು. ತಾಯಣ್ಣ ಅವರಿಬ್ಬರ ಹಿಂದೆ ಬಂದು, ನೆತ್ತಿಯ ಸೂರ್ಯನಿಗೆ ತನ್ನ ನೆರಳು ಸಾಲದೆಂದು ಟವೆಲ್ಲನ್ನು ಎರಡೂ ಕೈಗಳಲ್ಲಿ ಅಗಲಿಸಿ ಹಿಡಿದು ನಿಂತ.

ಅಯ್ಯಪ್ಪನ ಬೆರಳುಗಳು ಒದ್ದೆಯಾದ ಮಣ್ಣಿನ ಮೇಲಿದ್ದವು. ಹಾಲು ಮುಗಿದಿತ್ತು, ತುಪ್ಪವೂ ಮುಗಿದಿತ್ತು. ಅವನು ಕೈ ತೆಗೆಯಲಿಲ್ಲ. ಯಾರೂ ಏಳು ಎನ್ನಲಿಲ್ಲ.

ರಸ್ತೆಯ ಮೇಲೆ ಸತ್ತಾರ್ ಸಾಬ್ ಜೀಪಿನ ಎಂಜಿನ್ ಬಂದ್ ಮಾಡಿದ.